ಹುಲಿಗೆಮ್ಮನ ಹಿಂದಿನ ಚಕ್ರ

ಬೆಲ್ಜಿಯಂಗೆ ಹೋಗಿ ಬಂದವಳೆಂದು ತಿಳಿದ ಕೂಡಲೇ ಜನ ಅಲ್ಲಿಯ ಚಾಕೊಲೇಟಿನ ರುಚಿ ಕೇಳುತ್ತಾರೆ. ನನಗೆ ಗೊತ್ತಿಲ್ಲ. ಕೊಟ್ಟವರು ಯಾರು, ಯಾಕೆ ಕೊಟ್ಟರು, ಒಳಗೆ ಏನೇನು ಹಾಕಿದ್ದಾರೆ ಎಂದು ನಾನು ಯೋಚಿಸುತ್ತಿರುವಾಗಲೇ ಅದು ಬಿಸಿಲಿಗೆ ಕರಗಿಹೋಯಿತು. ನನ್ನ ಸ್ವಭಾವವೇ ಅಂಥದ್ದು. ಹೊಸಪೇಟೆಯ ಹೈಸ್ಕೂಲೊಂದರಲ್ಲಿ ನಾನು ದೈಹಿಕ ಶಿಕ್ಷಣದ ಟೀಚರ್. ಮಕ್ಕಳು ಹೊಟ್ಟೆನೋವು ಎಂದು ಮುಖ ಕಿವುಚಿದರೆ ಮೊದಲು ನಾಲಿಗೆ ಚಾಚಿಸಿ, ಆಮೇಲೆ ಎರಡು ಹೆಜ್ಜೆ ಓಡಿಸಿ, ಆಮೇಲೆ ನಂಬುವವಳು.

ಆ ವರ್ಷಗಳಲ್ಲಿ ನಮ್ಮ ಕಡೆ ಸಂಶಯವಿಲ್ಲದೆ ಬದುಕುವುದೂ ಕಷ್ಟವಿತ್ತು. ಕಬ್ಬಿಣದ ಅದಿರಿನ ಕಾಲ. ಹೋದ ತಿಂಗಳು ನಮ್ಮ ಜೊತೆ ಬಸ್ಸಿಗೆ ಕಾದು ನಿಂತಿದ್ದವನು ಈ ತಿಂಗಳು ಗಾಜು ಏರಿಸಿದ ಕಾರಿನಲ್ಲಿ ಹೋಗುತ್ತಿದ್ದ. ಯಾರಾದರೂ ಏನಾದರೂ ಪುಕ್ಕಟೆ ಕೊಟ್ಟರೆ, ಇದರ ಹಿಂದೆ ಏನಿದೆ ಎಂದು ಮನೆಮಂದಿಯೆಲ್ಲ ಕೂತು ಚರ್ಚೆ ಮಾಡುತ್ತಿದ್ದೆವು. ನಮಗೆ ಬೆಲ್ಜಿಯಂ ಪ್ರವಾಸ ಪುಕ್ಕಟೆ ಸಿಕ್ಕಿತ್ತು. ಹೀಗಿರುವಾಗ ನಾನು ಎಷ್ಟು ಚರ್ಚೆ ಮಾಡಿರಬೇಡ!

ಯಶವಂತನಗರದ ರಸ್ತೆ

ನಾವು ಮೂವರು ಹೆಂಗಸರು, ಮೂರು ರೇಸ್ ಸೈಕಲ್ಲು. ಸೈಕಲ್ ಕೊಡಿಸಿದವರು ಸಂಡೂರಿನ ಒಬ್ಬ ಗಣಿ ಮಾಲೀಕರು. ಅವರ ತಮ್ಮನ ಮಗಳು ಶೈಲಜಾ ನಮ್ಮ ತಂಡದಲ್ಲಿದ್ದಳು. ಅವಳಿಗೆ ಜೊತೆ ಬೇಕೆಂದೇ ನಮಗೂ ಸೈಕಲ್ ಕೊಡಿಸಿದ್ದಾರೆಂದು ಎರಡು ವರ್ಷ ನಂಬಿಕೊಂಡಿದ್ದೆ. ಅವಳ ನಗೆ, ಅವಳ ಕಪ್ಪು ಕನ್ನಡಕ, ಏರು ಬಂದಾಗ ಅವಳು ಹಿಂದೆ ಉಳಿಯುವುದು, ಯಾವುದೂ ನನಗೆ ಸರಿ ಕಾಣುತ್ತಿರಲಿಲ್ಲ.

ಮೂರನೆಯವಳು ಹುಲಿಗೆಮ್ಮ. ಬುಕ್ಕಸಾಗರದವಳು, ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಕೆಲಸ. ದಿನಾ ಹಳೆಯ ಲೇಡೀಸ್ ಸೈಕಲ್ಲಿನಲ್ಲಿ ಬುತ್ತಿ ಕಟ್ಟಿಕೊಂಡು ಹೋಗಿ ಬರುವವಳು. ಒಂದು ದಿನ ಕಂಪ್ಲಿ ರಸ್ತೆಯಲ್ಲಿ ನನ್ನ ಗೇರಿನ ಸೈಕಲ್ಲನ್ನು ಹಿಂದೆ ಹಾಕಿ ಮುಂದೆ ಹೋದಳು. ಕಬ್ಬಿನ ಟ್ರಾಕ್ಟರ್ ಹಿಡಿದುಕೊಂಡು ಬಂದಿರಬೇಕು ಎಂದುಕೊಂಡೆ. ಮರುದಿನ ಅದೇ ಹೊತ್ತಿಗೆ ಕಾದು ನಿಂತು ನೋಡಿದೆ. ಟ್ರಾಕ್ಟರ್ ಇರಲಿಲ್ಲ. ಕೋಚ್ ಬಸವರಾಜ ಸರ್ ಹತ್ತಿರ ಕರೆದುಕೊಂಡು ಹೋದೆ. ಅವರು ಅವಳನ್ನು ಒಂದು ಸುತ್ತು ಓಡಿಸಿ, "ಇಷ್ಟ್ ದಿನ ಎಲ್ಲಿದ್ಯವ್ವಾ ತಾಯಿ?" ಎಂದರು. "ಗಿರಣ್ಯಾಗ್ರಿ," ಎಂದಳು ಅವಳು.

ರಸ್ತೆ ರೇಸೆಂದರೆ ಒಬ್ಬರ ಆಟವಲ್ಲ. ಮುಂದೆ ಇರುವವಳು ಗಾಳಿಗೆ ಎದೆ ಕೊಡಬೇಕು, ಅವಳ ಚಕ್ರಕ್ಕೆ ಅಂಟಿಕೊಂಡು ಬರುವವಳಿಗೆ ದಣಿವು ಕಡಿಮೆ. ತಂಡದಲ್ಲಿ ಇಬ್ಬರು ಸವೆದು ಒಬ್ಬಳನ್ನು ಕೊನೆಯ ಓಟಕ್ಕೆ ಉಳಿಸಿಕೊಡಬೇಕು. ನಮ್ಮಲ್ಲಿ ಆ ಒಬ್ಬಳು ಹುಲಿಗೆಮ್ಮ. ಬೆಳಕು ಹರಿಯುವ ಹೊತ್ತಿಗೆ ಸಂಡೂರು ದಾಟಿ ಯಶವಂತನಗರದವರೆಗೆ ಹೋಗಿ ಬರುತ್ತಿದ್ದೆವು. ಆ ಕಡೆಯಿಂದ ಅದಿರಿನ ಲಾರಿ, ಈ ಕಡೆಯಿಂದ ಗಣಿ ಕಂಪನಿ ಬಸ್ಸು, ನಡುವೆ ನಾವು. ಮನೆಗೆ ಬಂದು ಮೂರು ಸಲ ಮೈತೊಳೆದರೂ ಬಚ್ಚಲ ನೀರು ಕೆಂಪಗೇ ಹೋಗುತ್ತಿತ್ತು. ಅದೇ ಧೂಳು ಸೈಕಲ್ಲಿನ ಹಲ್ಲು, ಚೈನುಗಳನ್ನೂ ತಿನ್ನುತ್ತಿತ್ತು. ನಮ್ಮ ಸೈಕಲ್ಲುಗಳು ಎರಡೇ ವರ್ಷಕ್ಕೆ ಮುದಿಯಾಗಿದ್ದವು.

ಬೆಲ್ಜಿಯಂನ ಕರೆ ಬಂದದ್ದು ಹಂಪಿಯಿಂದ. ಒಂದು ಚಳಿಗಾಲದ ಬೆಳಿಗ್ಗೆ ಹಂಪಿ ಬಜಾರಿನಲ್ಲಿ ನಾವು ಸೈಕಲ್ಲಿಗೆ ಒರಗಿ ಚಹಾ ಕುಡಿಯುತ್ತಿದ್ದಾಗ ಒಬ್ಬ ಬಿಳಿಯ ಮುದುಕ ಬಂದು ಹುಲಿಗೆಮ್ಮನ ಕಾಲನ್ನೇ ನೋಡುತ್ತಾ ನಿಂತ. ಮುದುಕಪ್ಪನಿಗೆ ಏನು ಕೆಲಸ ಎಂದು ನಾನು ಎದ್ದು ಅಡ್ಡ ನಿಂತೆ. ಅವನು ನೋಡುತ್ತಿದ್ದದ್ದು ಪೆಡಲ್ಲು. ತನ್ನ ಊರಿನಲ್ಲಿ ಸೈಕಲ್ ರಿಪೇರಿ ಮಾಡಿಕೊಂಡಿದ್ದವನಂತೆ. ಅಲ್ಲಿ ಬೇಸಿಗೆಯಲ್ಲಿ ಹೆಂಗಸರ ರೇಸ್ ನಡೆಯುತ್ತದೆ, ಯಾವ ದೇಶದವರೂ ಬರಬಹುದು, ನೀವೂ ಬನ್ನಿ, ನನ್ನ ಮನೆಯಲ್ಲೇ ಇರಿ ಎಂದ. ಹಂಪಿಗೆ ಬಂದ ವಿದೇಶಿಯರು ಇಂಥ ಮಾತು ಬೇಕಾದಷ್ಟು ಆಡಿ ಹೋಗುತ್ತಾರೆ. ಆದರೆ ಇವನು ಪತ್ರ ಬರೆದ. ಗಣಿ ಮಾಲೀಕರು ಟಿಕೇಟು ಕೊಡಿಸಲು ಒಪ್ಪಿದರು. ನನಗೆ ಇಬ್ಬರ ಮೇಲೂ ಸಂಶಯ ಬಂತು.

ಆದರೂ ಹೊರಟದ್ದಕ್ಕೆ ಕಾರಣ ಹುಲಿಗೆಮ್ಮ. ಕ್ರೀಡಾ ಕೋಟಾದಲ್ಲಿ ಒಂದು ಸರ್ಕಾರಿ ನೌಕರಿಗೆ ಅವಳು ಅರ್ಜಿ ಹಾಕಿದ್ದಳು. ಹೊರದೇಶದ ರೇಸೊಂದರಲ್ಲಿ ಮೊದಲ ಮೂವರಲ್ಲಿ ಬಂದ ಪ್ರಮಾಣಪತ್ರವಿದ್ದರೆ ಕೆಲಸ ಆದಂತೆಯೇ ಎಂದು ಬಸವರಾಜ ಸರ್ ಕಚೇರಿಗೆ ಹೋಗಿ ವಿಚಾರಿಸಿ ಬಂದಿದ್ದರು. ಆ ವರ್ಷ ದಾಟಿದರೆ ಅವಳ ವಯಸ್ಸು ಮೀರುತ್ತಿತ್ತು. ಇನ್ನೊಂದು ಸಲ ಎಂಬುದು ಇರಲಿಲ್ಲ.

ವಿಮಾನ ನಿಲ್ದಾಣದಲ್ಲಿ ಕೆಂಪು ಪುಡಿ

ಹೊರಡುವ ಮುನ್ನ ನಾನೊಂದು ಜಾಣತನ ಮಾಡಿದೆ. ನಮ್ಮ ಕಡೆಯ ರೇಸುಗಳಲ್ಲಿ ಸೈಕಲ್ಲನ್ನು ಯಾರ ಕೈಗಾದರೂ ಕೊಟ್ಟು ಊಟಕ್ಕೆ ಹೋದರೆ, ಬರುವಷ್ಟರಲ್ಲಿ ಒಳ್ಳೆಯ ಚಕ್ರ ಹೋಗಿ ಡೊಂಕು ಚಕ್ರ ಬಂದಿರುತ್ತಿತ್ತು. ಅದಕ್ಕೆ ಮೂರೂ ಸೈಕಲ್ಲಿನ ಚಕ್ರ, ಬ್ರೇಕು, ಸೀಟು ಎಲ್ಲಕ್ಕೂ ಉಗುರುಬಣ್ಣದ ಚುಕ್ಕೆ ಇಟ್ಟೆ. ಹುಲಿಗೆಮ್ಮ ನೋಡಿ, "ಮದಿವಿಗೆ ರೆಡಿ ಮಾಡಿದಂಗ ಮಾಡೀರಲ್ರಿ ಅಕ್ಕಾ," ಎಂದು ನಕ್ಕಳು.

ಅಲ್ಲಿಯ ನಿಲ್ದಾಣದಲ್ಲಿ ಇಳಿದಾಗ ಅಧಿಕಾರಿಯೊಬ್ಬ ಸೈಕಲ್ಲಿನ ರಟ್ಟಿನ ಪೆಟ್ಟಿಗೆ ಬಿಚ್ಚಿಸಿದ. ತಳದಲ್ಲಿ ಕೆಂಪು ಪುಡಿ ಉದುರಿತ್ತು. ಬೆರಳಿಗೆ ಹಚ್ಚಿ ನೋಡಿದ, ಮೂಸಿದ, ಇನ್ನೊಬ್ಬನನ್ನು ಕರೆದ. ಅದು ಸಂಡೂರಿನ ಧೂಳು. ನಮ್ಮ ಚೀಲ ಬಿಚ್ಚಿದರೆ ಅಲ್ಲಿ ಅಮ್ಮ ಕಟ್ಟಿಕೊಟ್ಟ ಶೇಂಗಾ ಚಟ್ನಿಪುಡಿ. ಅದೂ ಕೆಂಪು. ಅದನ್ನೂ ಮೂಸಿ ಅವನಿಗೆ ಸೀನು ಹಿಡಿಯಿತು. ಬಸವರಾಜ ಸರ್ "ಐರನ್, ಐರನ್" ಎನ್ನುತ್ತಾರೆ, ಶೈಲಜಾ "ಈಟಿಂಗ್, ಈಟಿಂಗ್" ಎನ್ನುತ್ತಾಳೆ. ಒಂದು ಗಂಟೆ ನಿಲ್ಲಿಸಿದರು. ಜನ್ಮವಿಡೀ ಎಲ್ಲರನ್ನೂ ಅನುಮಾನಿಸುತ್ತಾ ಬಂದ ನನಗೆ, ಅನುಮಾನಿಸಿಕೊಳ್ಳುವುದು ಇಷ್ಟು ಅವಮಾನದ ಕೆಲಸ ಎಂದು ಆವತ್ತೇ ತಿಳಿದದ್ದು. ತಿಳಿದು ಏನೂ ಉಪಯೋಗವಾಗಲಿಲ್ಲ.

ಅಜ್ಜನ ಮನೆ

ಮುದುಕನನ್ನು ನಾವು ಅಜ್ಜ ಎಂದೇ ಕರೆದೆವು. ಅವನ ಹೆಸರು ನಮ್ಮ ಬಾಯಲ್ಲಿ ನಿಲ್ಲಲಿಲ್ಲ. ಒಬ್ಬನೇ ಇದ್ದ. ಇಟ್ಟಿಗೆಯ ಪುಟ್ಟ ಮನೆ, ಹಿತ್ತಲಿನಲ್ಲಿ ಒಂದು ಶೆಡ್ಡು, ಶೆಡ್ಡಿನ ತುಂಬ ಚಕ್ರಗಳು. ನಮ್ಮ ಮನೆಗಳಲ್ಲಿ ದೇವರ ಪಟ ಇರುವ ಜಾಗದಲ್ಲಿ ಅವನ ಮನೆಯಲ್ಲಿ ಸೈಕಲ್ ಮೇಲೆ ಕೂತ ಒಬ್ಬ ಹುಡುಗಿಯ ಫೋಟೋ ಇತ್ತು. "ಮೊಮ್ಮಗಳು. ಎಲ್ಸ. ಅವಳೂ ಈ ರೇಸಿನಲ್ಲಿ ಓಡುತ್ತಾಳೆ," ಎಂದ ತನ್ನ ತುಂಡು ಇಂಗ್ಲಿಷಿನಲ್ಲಿ. ನಾನು ಬಸವರಾಜ ಸರ್ ಕಡೆ ನೋಡಿದೆ. ಅವರು ಕಿಟಕಿಯಾಚೆ ಹಸುಗಳನ್ನು ನೋಡುತ್ತಿದ್ದರು. ಇಷ್ಟು ದಪ್ಪ ಹಸು ಅವರು ಕಂಡಿರಲಿಲ್ಲ.

ಆ ಊರಿನ ಜನ ಕಿಟಕಿಗೆ ಪರದೆ ಹಾಕುವುದಿಲ್ಲ. ದಾರಿಯಲ್ಲಿ ಹೋಗುವವರಿಗೆ ಅವರ ಊಟದ ತಟ್ಟೆ ಕಾಣುತ್ತದೆ. ಮುಚ್ಚಿಡುವುದೇನೂ ಇಲ್ಲವೆಂದು ತೋರಿಸುವವರ ಮೇಲೆ ನನಗೆ ಇನ್ನೂ ಹೆಚ್ಚು ಅನುಮಾನ. ಮೊದಲ ದಿನ ಅಜ್ಜ ಬಿಸಿಬಿಸಿ ಆಲೂಗಡ್ಡೆ ಕರಿದದ್ದು ತಂದಿಟ್ಟ. ನಾನು ವೈಷ್ಣವರ ಮನೆಯವಳು, ಯಾವುದರಲ್ಲಿ ಕರಿದಿದ್ದೀರಿ ಎಂದು ಕೇಳಿದೆ. ಶೈಲಜಾ ಹಣೆ ಚಚ್ಚಿಕೊಂಡಳು. "ಟೀಚರ್, ಆಲೂಗಡ್ಡಿ ಅದು. ಅದ್ರಾಗೂ ಏನ್ ಹುಡುಕ್ತೀರಿ?" ಅಜ್ಜ ಮುಚ್ಚುಮರೆಯಿಲ್ಲದೆ ಹೇಳಿದ. ದನದ ಕೊಬ್ಬು. ಈ ಕಡೆಯವರು ಹಾಗೇ ಕರಿಯುವುದಂತೆ. ಶೈಲಜಾ ಬಾಯಿಗೆ ಕೈ ಹಿಡಿದು ಬಚ್ಚಲಿಗೆ ಓಡಿದಳು. ಹುಲಿಗೆಮ್ಮ ಮಾತ್ರ ತಲೆ ಎತ್ತದೆ ತಟ್ಟೆ ಖಾಲಿ ಮಾಡಿದಳು.

ನನ್ನ ಅನುಮಾನ ಆವತ್ತು ಸರಿಯಾಗಿತ್ತು. ಅದರಿಂದಲೇ ನನಗೆ ಕೊಂಬು ಬಂತು. ನೋಡಿದಿರಾ, ಕೇಳಿದ್ದಕ್ಕೆ ಗೊತ್ತಾಯಿತು ಎಂದು ಎಲ್ಲರ ಮುಂದೆ ಎದೆ ಉಬ್ಬಿಸಿದೆ. ಕೇಳಿದ್ದಕ್ಕೆ ಅಜ್ಜ ನಿಜವನ್ನೇ ಹೇಳಿದ್ದ ಎಂಬುದು ನನಗೆ ಹೊಳೆಯಲಿಲ್ಲ.

ಎರಡನೆಯ ದಿನ

ಮರುದಿನ ರಸ್ತೆ ನೋಡಿ ಬರಲು ಹೊರಟೆವು. ರಸ್ತೆ ಎಂದರೆ ಏನು ಹೇಳಲಿ! ಗುಂಡಿ ಇಲ್ಲ, ಧೂಳಿಲ್ಲ, ಲಾರಿ ಇಲ್ಲ. ಊರಿನ ಇಗರ್ಜಿಯ, ಅಂದರೆ ಚರ್ಚಿನ, ಮುಂದಿನ ಏರಿನಲ್ಲಿ ಮಾತ್ರ ಕಲ್ಲು ಹಾಸಿದ್ದರು. ಅಜ್ಜ ಅದನ್ನು ಹೆದರಿಕೆಯಿಂದ ತೋರಿಸಿದ. ಹಂಪಿಯ ಕಲ್ಲುಹಾಸಿನ ಮೇಲೆ ಸೈಕಲ್ ಹೊಡೆದು ಬೆಳೆದ ನಮಗೆ ಅದು ಆಟದಂತಿತ್ತು. ಹುಲಿಗೆಮ್ಮ ಎದ್ದು ನಿಂತು ಒಂದೇ ಉಸಿರಿಗೆ ಹತ್ತಿಹೋದಳು. ಬಾಗಿಲಲ್ಲಿ ನಿಂತಿದ್ದ ಊರವರು ಚಪ್ಪಾಳೆ ತಟ್ಟಿದರು.

ವಾಪಸು ಬರುವಾಗ ಒಂದು ನೀಲಿ ಕಾರು ನಮ್ಮ ಹಿಂದೆ ಬಿತ್ತು. ಹಾರ್ನ್ ಹೊಡೆಯುವುದಿಲ್ಲ, ಮುಂದೆಯೂ ಹೋಗುವುದಿಲ್ಲ. ನಾವು ನಿಧಾನವಾದರೆ ಅದೂ ನಿಧಾನ. ನಮ್ಮೂರಿನಲ್ಲಿ ಸುಮ್ಮನೆ ಹಿಂದೆ ಬರುವ ಕಾರು ಒಳ್ಳೆಯದಕ್ಕೆ ಬರುವುದಿಲ್ಲ. "ಫಾಲೋ ಮಾಡಾಕತ್ಯಾರ, ಹೊಳ್ಸ್ರಿ," ಎಂದು ಕೂಗಿ ಎಲ್ಲರನ್ನೂ ಒಂದು ಹೊಲದ ದಾರಿಗೆ ತಿರುಗಿಸಿದೆ. ದಾರಿ ಹೋಗಿ ಸೆಗಣಿಯ ಗುಂಡಿಯ ಹತ್ತಿರ ನಿಂತಿತು. ಕಾರಿನೊಳಗಿದ್ದ ಹೆಂಗಸು ಕೈ ಬೀಸಿ ಹೊರಟುಹೋದಳು. ಪಕ್ಕಕ್ಕೆ ಸರಿದು ಹೋಗುವಷ್ಟು ಜಾಗ ಸಿಗಲೆಂದು ಪಾಪ ಎರಡು ಮೈಲಿ ಕಾದಿದ್ದಳು. ಸೆಗಣಿಯ ಕಾಲಿನಲ್ಲಿ ಶೈಲಜಾ ನನ್ನ ಜೊತೆ ಮಾತು ಬಿಟ್ಟಳು.

ಆ ಸಂಜೆ ಅಜ್ಜ ನಮ್ಮ ಮೂರೂ ಸೈಕಲ್ಲುಗಳನ್ನು ಶೆಡ್ಡಿಗೆ ತೆಗೆದುಕೊಂಡು ಹೋದ. ಅಲ್ಲಿ ಬೇಸಿಗೆಯಲ್ಲಿ ಒಂಬತ್ತಾದರೂ ಬಿಸಿಲು ಇರುತ್ತದೆ. ಊಟದ ತನಕ ಅವನು ಶೆಡ್ಡಿನಿಂದ ಹೊರಗೆ ಬರಲಿಲ್ಲ. ಹುಲಿಗೆಮ್ಮ ಒಂದೆರಡು ಸಲ ಹೋಗಿ ಬಂದಳು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಅಜ್ಜ ಬಸವರಾಜ ಸರ್‌ಗೂ ಏನೋ ಕೈಸನ್ನೆ ಮಾಡಿ ವಿವರಿಸಿದ, ಅವರು ತಲೆಯಾಡಿಸಿದರು. ಏನು ಹೇಳಿದ ಎಂದು ಕೇಳಿದೆ. "ಏನ ಹೇಳಿದ್ನೋ ಏನೋ. ನಾ ಎಸ್ ಎಸ್ ಅಂದೆ," ಎಂದರು.

ರೇಸಿನ ಬೆಳಿಗ್ಗೆ

ರೇಸಿನ ದಿನ ಅಜ್ಜ ರಸ್ತೆಗೆ ಅಡ್ಡಗಟ್ಟೆ ಹಾಕಲು ಬೇಗನೆ ಎದ್ದು ಹೋಗಿದ್ದ. ಉಳಿದವರು ಬ್ರೆಡ್ಡಿಗೆ ಚಟ್ನಿಪುಡಿ ಹಚ್ಚಿಕೊಂಡು ತಿನ್ನುತ್ತಿದ್ದರು. ನಾನು ಶೆಡ್ಡಿಗೆ ಹೋದೆ. ಬೀಗ ಇರಲಿಲ್ಲ. ಸೈಕಲ್ಲುಗಳು ಹೊಸದರಂತೆ ಹೊಳೆಯುತ್ತಿದ್ದವು, ಸಂಡೂರಿನ ಧೂಳು ಒಂದು ಕಣವೂ ಉಳಿದಿರಲಿಲ್ಲ. ಒಂದೊಂದೇ ಚುಕ್ಕೆ ನೋಡುತ್ತಾ ಬಂದೆ. ನನ್ನದು ಸರಿ. ಶೈಲಜಾಳದು ಸರಿ. ಹುಲಿಗೆಮ್ಮನ ಹಿಂದಿನ ಚಕ್ರದಲ್ಲಿ ಚುಕ್ಕೆ ಇಲ್ಲ.

ನಮ್ಮ ಚಕ್ರ ಮೂಲೆಯಲ್ಲಿ ಗೋಡೆಗೆ ಒರಗಿ ನಿಂತಿತ್ತು. ಮೂವರಲ್ಲಿ ಗೆಲ್ಲುವವಳು ಯಾರೆಂದು ನಿನ್ನೆ ಇಗರ್ಜಿಯ ಏರಿನಲ್ಲಿ ಊರೆಲ್ಲ ನೋಡಿತ್ತು. ಅವಳ ಚಕ್ರವನ್ನೇ ಬದಲಿಸಿದ್ದಾನೆ. ಅವನ ಮೊಮ್ಮಗಳು ಇದೇ ರೇಸಿನಲ್ಲಿ ಓಡುತ್ತಾಳೆ. ಇನ್ನೇನು ಬೇಕು? ಇಷ್ಟು ದೂರ ಕರೆಸಿದ್ದು ಇದಕ್ಕೇ ಎಂದು ನನಗೆ ಖಾತ್ರಿಯಾಯಿತು. ಆ ಚಕ್ರ ಕಳಚಿ ನಮ್ಮದನ್ನು ಹಾಕಲು ಎರಡು ನಿಮಿಷ ಸಾಕಾಯಿತು. ಚಕ್ರ ಕಚ್ಚಿ ಹಿಡಿಯುವ ಹಿಡಿ ಬಿಗಿದೆ, ತಿರುಗಿಸಿ ನೋಡಿದೆ, ಸರಿಯಾಗಿ ತಿರುಗಿತು. ಯಾರಿಗೂ ಹೇಳಲಿಲ್ಲ. ರೇಸಿಗೆ ಮುಂಚೆ ಹುಡುಗಿಯ ಮನಸ್ಸು ಕೆಡಿಸಬಾರದು ಎಂದುಕೊಂಡೆ. ನಾನೇ ಸೈಕಲ್ ತಳ್ಳಿಕೊಂಡು ಹೋಗಿ ಅವಳ ಕೈಗೆ ಕೊಟ್ಟೆ.

ಇಗರ್ಜಿಯ ಸುತ್ತ

ಊರಿನ ಸುತ್ತ ಹತ್ತು ಸುತ್ತು ಹೊಡೆಯಬೇಕು. ಪ್ರತಿ ಸುತ್ತಿಗೂ ಇಗರ್ಜಿಯ ಏರು ಬರುತ್ತದೆ, ಕೊನೆಯ ಗೆರೆಯೂ ಅಲ್ಲೇ. ಎಪ್ಪತ್ತೆಂಬತ್ತು ಹೆಂಗಸರು ಭುಜಕ್ಕೆ ಭುಜ ತಾಗಿಸಿಕೊಂಡು ಹೊರಟರು. ಮೊದಲ ಸುತ್ತಿನಲ್ಲೇ ನನ್ನ ಮೊಣಕೈ ಇಬ್ಬರಿಗೆ ತಾಗಿತು, ಇಬ್ಬರೂ ಸಾರಿ ಎಂದರು. ತಾಗಿಸಿದವಳು ನಾನು, ಸಾರಿ ಅವರದು. ಇದರಲ್ಲೂ ಏನೋ ಇರಬೇಕು ಎಂದು ದೂರ ಸರಿದೆ.

ಎರಡನೆಯ ಸುತ್ತಿನಲ್ಲಿ ತಿರುವಿನ ಹತ್ತಿರ ಅಜ್ಜ ನಿಂತಿದ್ದ. ನಮ್ಮನ್ನು ನೋಡಿ ಮೊದಲು ಚಪ್ಪಾಳೆ ತಟ್ಟಿದ, ಆಮೇಲೆ ಹುಲಿಗೆಮ್ಮನ ಸೈಕಲ್ ಮೇಲೆ ಕಣ್ಣು ಹೋಗಿ ಕೈ ಹಾಗೇ ನಿಂತಿತು. ಮೂರನೆಯ ಸುತ್ತಿಗೆ ಬರುವಷ್ಟರಲ್ಲಿ ಶೆಡ್ಡಿಗೆ ಓಡಿಹೋಗಿ ಆ ಚಕ್ರ ತಂದಿದ್ದ. ಅದನ್ನು ತಲೆಯ ಮೇಲೆ ಎತ್ತಿ ಹಿಡಿದು, ನಿಲ್ಲಿ ನಿಲ್ಲಿ ಎಂದು ಕೂಗಿದ.

"ಅಕ್ಕಾ, ಅಜ್ಜ ಕರ್ಯಾಕತ್ತಾನ," ಎಂದಳು ಹುಲಿಗೆಮ್ಮ.

"ನಿಲ್ಲಬ್ಯಾಡ. ಮುಂದ ನೋಡು," ಎಂದೆ.

ನಾಲ್ಕನೆಯ ಸುತ್ತಿನಲ್ಲೂ ನಿಂತಿದ್ದ. ಐದನೆಯ ಸುತ್ತಿನಲ್ಲೂ. ಆಗ ನಿಂತಿದ್ದರೆ ನಾನೂ ಶೈಲಜಾಳೂ ಸೇರಿ ಅವಳನ್ನು ಮತ್ತೆ ಗುಂಪಿಗೆ ಎಳೆದು ತರಬಹುದಿತ್ತು. ಆರನೆಯ ಸುತ್ತಿನಲ್ಲಿ ಹುಲಿಗೆಮ್ಮ ಮತ್ತೆ ಪಕ್ಕಕ್ಕೆ ಬಂದಳು. "ಅಕ್ಕಾ, ಜೋರು ತುಳುದ್ರ ಚೈನು ಕಟಕ್ ಅಂತೈತ್ರಿ." ನಾನು ಬಗ್ಗಿ ನೋಡಿದೆ. ಏನೂ ಕಾಣಲಿಲ್ಲ. "ಏನೂ ಆಗಂಗಿಲ್ಲ, ನಡಿ," ಎಂದೆ. ಅವಳು ನಡೆದಳು. ನನ್ನ ಮಾತಿನ ಮೇಲೆ ಅವಳಿಗೆ ಎಂದೂ ಅನುಮಾನ ಇರಲಿಲ್ಲ.

ಎಂಟನೆಯ ಸುತ್ತಿನಲ್ಲಿ ಐವರು ಗುಂಪು ಬಿಟ್ಟು ಮುಂದೆ ಹೋದರು. ಎಲ್ಸ ಅವರಲ್ಲಿದ್ದಳು. ಹುಲಿಗೆಮ್ಮ ಅವರನ್ನು ಸೇರಬೇಕಾದರೆ ಗಾಳಿಗೆ ಅಡ್ಡ ಯಾರಾದರೂ ಬೇಕು. ನಾನು ಆಗಲೇ ಬಸವಳಿದಿದ್ದೆ. ಶೈಲಜಾ, ನಾನು ಎರಡು ವರ್ಷ ಓರೆಗಣ್ಣಿನಿಂದ ನೋಡಿದ ಶೈಲಜಾ, ಹುಲಿಗೆಮ್ಮನನ್ನು ತನ್ನ ಚಕ್ರದ ಹಿಂದೆ ಇಟ್ಟುಕೊಂಡು ಒಂದು ಸುತ್ತು ಪೂರ್ತಿ ಒಬ್ಬಳೇ ಎಳೆದಳು. ಅವರನ್ನು ಮುಟ್ಟಿಸಿ, ರಸ್ತೆ ಪಕ್ಕದ ಹುಲ್ಲಿಗೆ ಉರುಳಿ ವಾಂತಿ ಮಾಡಿಕೊಂಡಳು. ನಾನು ಅವಳನ್ನು ದಾಟಿ ಹೋಗುವಾಗ, "ಟೀಚರ್, ಸೇರಿದ್ಲಾ?" ಎಂದು ಕೇಳಿದಳು. ಸೇರಿದ್ದಾಳೆ ಎಂದೆ. ನನಗೆ ನಾಚಿಕೆಯಾಯಿತು.

ಕೊನೆಯ ಏರನ್ನು ನಾನು ಹಿಂದಿನಿಂದ, ದೂರದಿಂದ ನೋಡಿದೆ. ಇಬ್ಬರು ಹಿಂದೆ ಬಿದ್ದಿದ್ದರು, ನಾಲ್ವರು ಉಳಿದಿದ್ದರು. ಗೆರೆಗೆ ಇನ್ನೂರು ಹೆಜ್ಜೆ ಇರುವಾಗ ಹುಲಿಗೆಮ್ಮ ಎದ್ದು ನಿಂತಳು. ಕಂಪ್ಲಿ ರಸ್ತೆಯಲ್ಲಿ ನಾನು ನೋಡಿದ್ದ ಅದೇ ಓಟ. ಒಂದು ಸೈಕಲ್ಲಿನಷ್ಟು ಮುಂದಾದಳು. ಆಗ ಚೈನು ಜಾರಿತು. ಕಾಲು ಗಾಳಿಯಲ್ಲಿ ತುಳಿದಂತೆ ಕೆಳಗೆ ಹೋಯಿತು, ಎದೆ ಹ್ಯಾಂಡಲ್ಲಿಗೆ ಬಡಿಯಿತು. ಬೀಳಲಿಲ್ಲ. ಮತ್ತೆ ತುಳಿದಳು, ಮತ್ತೆ ಜಾರಿತು. ಮೂವರು ಪಕ್ಕದಿಂದ ಹೋದರು. ಗೆರೆ ದಾಟುವಾಗ ಅವಳು ನಾಲ್ಕನೆಯವಳು.

ಅಜ್ಜ ಹೇಳಿದ್ದು

ಹುಲಿಗೆಮ್ಮ ಇಗರ್ಜಿಯ ಮೆಟ್ಟಿಲ ಮೇಲೆ ಕೂತು ಸೆರಗಿಲ್ಲದ ಜರ್ಸಿಯಲ್ಲಿ ಮುಖ ಮುಚ್ಚಿಕೊಳ್ಳಲು ಏನೂ ಸಿಗದೆ ಹೆಲ್ಮೆಟ್ಟಿನಲ್ಲಿ ಮುಖವಿಟ್ಟು ಅತ್ತಳು. ಬಸವರಾಜ ಸರ್ ಸೈಕಲ್ ಎತ್ತಿ ಹಿಡಿದು ಚೈನು ನೋಡಿದರು. "ಇದು ನಮ್ ಚೈನಲ್ಲ! ಹೊಸಾದು ಹಾಕ್ಯಾನ!" ಎಂದು ಕೂಗಿದರು. ಆಗ ನನಗೆ ಎಲ್ಲ ತಿಳಿಯಿತು.

ಸೈಕಲ್ ಓಡಿಸುವವರಿಗೆಲ್ಲ ಗೊತ್ತಿರುವ ವಿಷಯ ಇದು. ಹಳೆಯ ಚೈನೂ ಹಿಂದಿನ ಚಕ್ರದ ಹಲ್ಲುಗಳೂ ಒಟ್ಟಿಗೆ ಸವೆದು ಒಂದಕ್ಕೊಂದು ಹೊಂದಿಕೊಂಡಿರುತ್ತವೆ. ಬದಲಿಸಿದರೆ ಎರಡನ್ನೂ ಬದಲಿಸಬೇಕು. ಸವೆದ ಹಲ್ಲಿನ ಮೇಲೆ ಹೊಸ ಚೈನು ಕೂರುವುದಿಲ್ಲ, ಬಲ ಹಾಕಿದಾಗ ಜಾರುತ್ತದೆ. ಅಜ್ಜ ಚೈನನ್ನೂ ಬದಲಿಸಿದ್ದ, ಹೊಸ ಹಲ್ಲಿನ ಚಕ್ರವನ್ನೂ ಹಾಕಿದ್ದ. ನಾನು ಚುಕ್ಕೆ ಹುಡುಕಿ ಚಕ್ರವನ್ನಷ್ಟೇ ವಾಪಸು ಹಾಕಿದೆ. ಚೈನಿಗೆ ಚುಕ್ಕೆ ಇಟ್ಟಿರಲಿಲ್ಲ, ಅದನ್ನು ನೋಡಲೇ ಇಲ್ಲ.

ಅಜ್ಜ ಆ ಚಕ್ರವನ್ನು ಹಿಡಿದುಕೊಂಡೇ ಏದುಸಿರು ಬಿಡುತ್ತಾ ಬಂದ. ಹುಲಿಗೆಮ್ಮನ ಸೈಕಲ್ಲಿನ ಚಕ್ರ ನೋಡಿದ, ಅದರ ಚುಕ್ಕೆ ನೋಡಿದ. ಪಕ್ಕದಲ್ಲಿ ನಿಂತಿದ್ದ ನನ್ನ ಸೈಕಲ್ಲಿನ ಚುಕ್ಕೆಗಳನ್ನೂ, ಅದೇ ಬಣ್ಣದ ನನ್ನ ಉಗುರುಗಳನ್ನೂ ನೋಡಿದ. ಆಮೇಲೆ ನನ್ನ ಮುಖ ನೋಡಿದ. ಬಸವರಾಜ ಸರ್ ಅವನ ಮೇಲೆ ಕೈ ಮಾಡುವುದೊಂದು ಬಾಕಿ. "ಯು ಚೀಟ್! ಯುವರ್ ಗ್ರ್ಯಾಂಡ್ ಡಾಟರ್!" ಎಂದು ಎಗರಾಡುತ್ತಿದ್ದರು. ಎಲ್ಸ ಎರಡನೆಯವಳಾಗಿ ಬಂದಿದ್ದಳು.

"ತಪ್ಪು ನನ್ನದು. ಬೆಳಿಗ್ಗೆ ನಾನು ಇನ್ನೊಂದು ಸಲ ನೋಡಬೇಕಿತ್ತು," ಎಂದ ಅಜ್ಜ.

ನಾನು ಬಾಯಿ ತೆರೆಯಲಿಲ್ಲ. ಆ ಸಂಜೆ ಪೂರ್ತಿ ಅವನನ್ನೇ ಕಾಯುತ್ತಿದ್ದೆ. ಯಾವಾಗ ಹೇಳುತ್ತಾನೆ, ಯಾರಿಗೆ ಹೇಳುತ್ತಾನೆ, ಹೇಳದೆ ಇಟ್ಟುಕೊಂಡು ಏನು ಮಾಡುತ್ತಾನೆ? ಅವನು ನಮಗೆಲ್ಲ ಎಣ್ಣೆಯಲ್ಲಿ ಆಲೂಗಡ್ಡೆ ಕರಿದು ಕೊಟ್ಟ. ಎಣ್ಣೆಯ ಬಾಟಲಿಯನ್ನು ನನಗೆ ಕಾಣುವಂತೆ ಮೇಜಿನ ಮೇಲಿಟ್ಟಿದ್ದ. ಬಸವರಾಜ ಸರ್ ಮುಟ್ಟಲಿಲ್ಲ. ನಾನು ತಿಂದೆ. ಸೈಕಲ್ಲುಗಳನ್ನು ಪೆಟ್ಟಿಗೆಗೆ ತುಂಬಿದ್ದೂ ನಾನೇ. ಬೇರೆ ಯಾರ ಕೈಗೂ ಕೊಡಲಿಲ್ಲ.

ಹೊರಡುವಾಗ ಅಜ್ಜ ನನ್ನ ಪೆಟ್ಟಿಗೆ ಕಾರಿಗೆ ಎತ್ತಿಟ್ಟು, ಮೆಲ್ಲಗೆ, "ಅವಳಿಗೆ ನೀನೇ ಹೇಳು," ಎಂದ. ಅಷ್ಟೇ.

ಬುಕ್ಕಸಾಗರ

ಸಂಡೂರಿನಲ್ಲಿ ನಮಗೆ ಸನ್ಮಾನ ಮಾಡಿದರು. ಶಾಲು, ಹಾರ, ಮೂವರ ಫೋಟೋ ಇರುವ ಬ್ಯಾನರು. ಬಸವರಾಜ ಸರ್ ಮೈಕಿನಲ್ಲಿ, ಗೆಲ್ಲಬೇಕಾದ ನಮ್ಮ ಹುಡುಗಿಗೆ ಆ ಮುದುಕ ಹೇಗೆ ಮೋಸ ಮಾಡಿದ ಎಂದು ಹೇಳಿದರು. ಜನ ಹಲ್ಲು ಕಡಿದರು. ಹೊಸಪೇಟೆಯ ಹೋಟೆಲುಗಳಲ್ಲಿ ಅದೇ ಮಾತು. ನಮ್ಮ ಸ್ಟಾಫ್ ರೂಮಿನಲ್ಲೂ ಅದೇ. ಬಿಳಿಯರು ಅಷ್ಟು ಸುಲಭಕ್ಕೆ ಗೆಲ್ಲಲು ಬಿಡುತ್ತಾರೆಯೇ ಎಂದು ಗಣಿತದ ಮೇಷ್ಟ್ರು ಕೇಳಿದರು. ನಾನು ಹಾಜರಿ ಪುಸ್ತಕ ತಿರುವುತ್ತಾ ಕೂತೆ.

ಸನ್ಮಾನದಿಂದ ಬಸ್ಸಿನಲ್ಲಿ ಬರುವಾಗ ಹುಲಿಗೆಮ್ಮ ನನ್ನ ಪಕ್ಕ ಕೂತಿದ್ದಳು. "ಅಜ್ಜಗ ಹಂಗ್ಯಾಕ ಬೈತಾರ್ರಿ ಅಕ್ಕಾ? ಅಂವ ನನಗ ಚಲೋದು ಮಾಡಾಕ ಹೋದ. ನನ್ ಹಣೇಬರ, ಕೂಡ್ಲಿಲ್ಲ," ಎಂದಳು. ಸರ್ಕಾರಿ ನೌಕರಿಯ ಪಟ್ಟಿ ಆ ವಾರವೇ ಬಂದಿತ್ತು. ಅವಳ ಹೆಸರು ಇರಲಿಲ್ಲ. ನಾಲ್ಕನೆಯ ಸ್ಥಾನವನ್ನು ಯಾರೂ ಕೇಳಲಿಲ್ಲ.

ಮರುದಿನ ಬುಕ್ಕಸಾಗರಕ್ಕೆ ಹೋದೆ. ಗಿರಣಿಯಿಂದ ಬಂದು ಅಂಗಳದಲ್ಲಿ ಕೈಕಾಲು ತೊಳೆಯುತ್ತಿದ್ದಳು. "ಬರ್ರಿ ಅಕ್ಕಾ, ಕುಂದ್ರಿ," ಎಂದು ಚಾಪೆ ಹಾಕಿದಳು. ನಾನು ಕೂರಲಿಲ್ಲ. ನಿಂತುಕೊಂಡೇ ಹೇಳಿದೆ. ಚಕ್ರ ಬದಲಿಸಿದವಳು ನಾನು ಎಂದೆ. ಅಜ್ಜ ಮೋಸ ಮಾಡಿದ್ದಾನೆ ಅಂದುಕೊಂಡೆ ಎಂದೆ. ನಿನ್ನ ನೌಕರಿ ಹೋದದ್ದು ನನ್ನಿಂದ ಎಂದೆ.

ಅವಳು ತಂಬಿಗೆ ಕೆಳಗಿಟ್ಟಳು.

"ಅಜ್ಜ ನನಗ ತೋರ್ಸಿದ್ದ್ರಿ," ಎಂದಳು. "ಹಿಂದಿನ ದಿನ ಶೆಡ್ನ್ಯಾಗ. ನನ್ ಹಲ್ಲ್ ಸವದಾವು ಅಂತ ಬೆರಳ ಹಚ್ಚಿ ತೋರ್ಸಿ, ಚೈನು, ಚಕ್ರ ಎರಡೂ ಹೊಸಾವು ಹಾಕ್ಲೇನು ಅಂತ ಕೇಳಿದ. ನಾನ ಹೂಂ ಅಂದಿದ್ದೆ."

ನಾನು ಚಾಪೆಯ ಮೇಲೆ ಕೂತೆ.

"ಮನ್ಯಾಗ ಪೆಟ್ಗಿ ಬಿಚ್ಚಿದಾಗ ಹಳೇ ಚಕ್ರ ಇತ್ತು. ಅಜ್ಜ ತನ್ ಚಕ್ರ ವಾಪಸ್ ಇಟ್ಗಂಡಾನ ಅಂದ್ಕಂಡೆ," ಎಂದಳು. ನನ್ನ ಮುಖ ನೋಡಿದಳು. "ಅಂವ ಪರದೇಶದಾಂವ, ಮಾತ್ ಬರಂಗಿಲ್ಲ, ಆದ್ರೂ ನನ್ನ ಕೇಳಿದ. ನೀವು ಯಾಕ ಕೇಳಲಿಲ್ಲ್ರಿ? ಸೈಕಲ್ ತುಳಿಯಾಕಿ ನಾನಲ್ಲೇನು?"

ಅವಳು ಚಹಾ ಮಾಡಿ ಕೊಟ್ಟಳು, ಆದರೆ ಕಳಿಸಲು ಬಾಗಿಲ ತನಕ ಬರಲಿಲ್ಲ. ಅಲ್ಲಿಂದ ನೇರ ಬಸವರಾಜ ಸರ್ ಮನೆಗೆ ಹೋಗಿ ಅವರಿಗೂ ಹೇಳಿದೆ. ಅವರು ಅಜ್ಜನಿಗೆ ಪತ್ರ ಬರೆಯಲು ಹಾಳೆ ತೆಗೆದರು. ಕ್ಷಮೆ ಕೇಳುವ ಇಂಗ್ಲಿಷು ಇಬ್ಬರೂ ಸೇರಿ ಬರೆದೆವು.

ಎರಡು ತಿಂಗಳು ಹುಲಿಗೆಮ್ಮ ರೇಸ್ ಸೈಕಲ್ ಹತ್ತಲಿಲ್ಲ. ಒಂದು ಬೆಳಿಗ್ಗೆ ಕಮಲಾಪುರದ ಹತ್ತಿರ ನಾನೂ ಶೈಲಜಾಳೂ ಹೊರಡುವಾಗ ನಡೆದುಕೊಂಡು ಬಂದಳು. ನನಗೆ ಎಷ್ಟು ಸಂತೋಷವಾಯಿತೆಂದರೆ, ಜೊತೆಗೆ ತಂದಿದ್ದ ಅಮ್ಮನ ಹೋಳಿಗೆಯ ಡಬ್ಬಿಯನ್ನು ಅಲ್ಲೇ ಅವಳ ಕೈಗೆ ಕೊಟ್ಟುಬಿಟ್ಟೆ. ಅವಳು ಬಸವರಾಜ ಸರ್‌ಗೆ ವಾಪಸು ಕೊಟ್ಟುಬಿಟ್ಟಿದ್ದ ಸೈಕಲ್ಲನ್ನು ಆ ಎರಡು ತಿಂಗಳೂ ದಿನಾ ಅವರ ಜೀಪಿನ ಹಿಂದೆ ಹಾಕಿಸಿಕೊಂಡು ಬರುತ್ತಿದ್ದೆ, ಬಂದರೆ ಇರಲಿ ಎಂದು. ಹೊಸ ಚೈನು, ಹೊಸ ಹಲ್ಲು ಎರಡನ್ನೂ ಹಾಕಿಸಿದ್ದೆ. ಎಲ್ಲ ಬಿಗಿ ಮಾಡಿದ್ದೇನೆ, ಹತ್ತು ಎಂದೆ.

ಅವಳು ಹತ್ತಲಿಲ್ಲ. ಡಬ್ಬಿಯನ್ನು ಶೈಲಜಾಳಿಗೆ ಕೊಟ್ಟು, ಸೈಕಲ್ಲನ್ನು ರಸ್ತೆಯ ಮೇಲೆ ತಲೆಕೆಳಗಾಗಿ ನಿಲ್ಲಿಸಿದಳು. ಹಿಂದಿನ ಚಕ್ರ ಕಳಚಿ ಹಲ್ಲುಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟಿ ನೋಡಿ ಮತ್ತೆ ಹಾಕಿದಳು. ಚೈನನ್ನು ಎತ್ತಿ ನೋಡಿದಳು. ನಾನು ಬಿಗಿ ಮಾಡಿದ್ದ ಹಿಡಿಯನ್ನು ಸಡಿಲಿಸಿ ತಾನೇ ಬಿಗಿ ಮಾಡಿದಳು. ಶೈಲಜಾ ಬೇರೆ ಕಡೆ ಮುಖ ಮಾಡಿ ನಿಂತಿದ್ದಳು.

"ಆಯ್ತೇನು?" ಎಂದೆ.

"ತಡೀರಿ," ಎಂದಳು ಹುಲಿಗೆಮ್ಮ, ತಲೆ ಎತ್ತದೆ. "ಇನ್ನ ಮುಂದಿಂದು ನೋಡಿಲ್ಲ."

ಅವಳು ನೋಡಿ ಮುಗಿಸುವ ತನಕ ನಾನು ರಸ್ತೆಯ ಪಕ್ಕದಲ್ಲಿ ಕಾದು ನಿಂತೆ.